ಮಾತ್ರೆಯ ಚಟ ಬಿಡಿಸಲು ಮತ್ತೆ ಮಾತ್ರೆಯೇ?

ಹಾಸನದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಜನ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ‘ಊಟಕ್ಕೆ ಮೊದಲೋ ಆಮೇಲೋ’ ಎನ್ನುವ ಜಾತಿಯವು. ಈಚೆಗೆ ಇನ್ನೊಂದು ಸೇರಿಕೊಂಡಿದೆ. ಬೇರೆ ಗಿರಾಕಿಗಳು ಇಲ್ಲದ ಹೊತ್ತು ನೋಡಿ, ಕೌಂಟರಿನ ಮೂಲೆಗೆ ಸರಿದು, ದನಿ ತಗ್ಗಿಸಿ ಕೇಳುತ್ತಾರೆ: “ಅಣ್ಣಾ, ನಮ್ಮ ಹುಡುಗನಿಗೆ ನೋವಿನ ಮಾತ್ರೆಯ ಚಟ. ಬಿಡಿಸಿ ಅಂತ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ದಿನಾ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಇನ್ನೊಂದು ಮಾತ್ರೆ ಕೊಟ್ಟಿದ್ದಾರೆ. ಒಂದನ್ನು ಬಿಡಿಸಲು ಇನ್ನೊಂದನ್ನು ಹಿಡಿಸಿದ ಹಾಗಾಗಲಿಲ್ಲವೇ?”

ಆಗಲಿಲ್ಲ. ಆ ಮಾತ್ರೆಯನ್ನು ನಿಲ್ಲಿಸಬೇಡಿ. ಅಂದ ಹಾಗೆ ಅದು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ಅನುಮತಿ ಪಡೆದ ಚಿಕಿತ್ಸಾ ಕೇಂದ್ರಗಳಲ್ಲೇ ಕೊಡಬೇಕು. ಆದ್ದರಿಂದ ಇದು ವ್ಯಾಪಾರದ ಮಾತು ಎಂದು ಯಾರೂ ಅನುಮಾನಿಸಬೇಕಾಗಿಲ್ಲ. ಕೌಂಟರಿನಲ್ಲಿ ನಿಂತು ಹೇಳಲು ಪುರಸೊತ್ತಿಲ್ಲದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ನೋವಿನ ಮಾತ್ರೆಗಳೆಲ್ಲ ಚಟ ಹಿಡಿಸುವುದಿಲ್ಲ. ಪ್ಯಾರಾಸಿಟಮಾಲ್, ಡೈಕ್ಲೋಫಿನ್ಯಾಕ್ ಅತಿಯಾದರೆ ಲಿವರ್, ಹೊಟ್ಟೆ, ಕಿಡ್ನಿಗೆ ತೊಂದರೆ ಕೊಡುತ್ತವೆ, ಆದರೆ ಅವುಗಳಿಗಾಗಿ ಯಾರೂ ಮನೆಯ ಒಡವೆ ಅಡವಿಡುವುದಿಲ್ಲ. ನಾವು ಮಾತನಾಡುತ್ತಿರುವುದು ಓಪಿಯಾಯ್ಡ್ ಎಂಬ ಗುಂಪಿನ ಬಗ್ಗೆ. ಗಸಗಸೆ ಕಾಯಿಯ ಹಾಲಿನಿಂದ ಬರುವ ಅಫೀಮು, ಅದರಿಂದ ತೆಗೆಯುವ ಮಾರ್ಫಿನ್ ಮತ್ತು ಕೊಡೀನ್, ಮಾರ್ಫಿನ್‌ನಿಂದ ಮಾಡುವ ಹೆರಾಯಿನ್, ಕಾರ್ಖಾನೆಯಲ್ಲೇ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್, ಪೆಂಟಜೋಸಿನ್ ಎಲ್ಲವೂ ಒಂದೇ ಬಳಗ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನವರಲ್ಲಿ ಶೇ 2.06ರಷ್ಟು ಜನ ಇವುಗಳಲ್ಲಿ ಒಂದಿಲ್ಲೊಂದನ್ನು ಬಳಸುತ್ತಿದ್ದರು. ಹೆರಾಯಿನ್ ಬಳಸುವವರು ಶೇ 1.14, ಔಷಧಿ ರೂಪದ ಓಪಿಯಾಯ್ಡ್ ಬಳಸುವವರು ಶೇ 0.96. ಹೆಚ್ಚು ಕಡಿಮೆ ಹೆಗಲೆಣೆ. ಪತ್ರಿಕೆಯಲ್ಲಿ ಸುದ್ದಿಯಾಗುವುದು ಮಾತ್ರ ಹೆರಾಯಿನ್.

ಟ್ರಮಡಾಲ್ 2018ರ ಏಪ್ರಿಲ್‌ನಿಂದ ಮಾದಕ ವಸ್ತು ಕಾಯ್ದೆಯ ಅಡಿಗೆ ಬಂದಿದೆ. ಅದಕ್ಕೂ ಮುಂಚಿನಿಂದ ‘ಎಚ್1’ ಪಟ್ಟಿಯಲ್ಲಿದೆ. ಮಾರಿದಾಗೆಲ್ಲ ವೈದ್ಯರ ಹೆಸರು, ರೋಗಿಯ ಹೆಸರು, ಎಷ್ಟು ಮಾತ್ರೆ ಎಂಬುದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆ ರಿಜಿಸ್ಟರಿನಿಂದಲೇ ನನಗೆ ಹಲವರ ಕತೆ ಗೊತ್ತಾಗಿದ್ದು. ಸಕಲೇಶಪುರದ ಕಡೆಯ ಜೀಪು ಚಾಲಕನೊಬ್ಬ ತಂದ ಚೀಟಿ ಮಡಿಸಿ ಮಡಿಸಿ ನಾಲ್ಕು ಚೂರಾಗಿತ್ತು, ಹಿಂದೆ ಪಾರದರ್ಶಕ ಟೇಪು. ತಾರೀಖಿನ 3 ಎಂಬುದನ್ನು ಬೇರೆ ಶಾಯಿಯ ಪೆನ್ನಿನಲ್ಲಿ 8 ಮಾಡಲಾಗಿತ್ತು. ಘಾಟಿಯಲ್ಲಿ ಜೀಪು ಮಗುಚಿ ಕಾಲಿಗೆ ರಾಡ್ ಹಾಕಿಸಿಕೊಂಡವನು. ಕಾಲು ಕೂಡಿ ಎಷ್ಟೋ ಕಾಲವಾಗಿತ್ತು. ಮಾತ್ರೆ ಕೊಡುವುದಿಲ್ಲ ಎಂದಾಗ ಜಗಳವಾಡಲಿಲ್ಲ, ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಬಾಯಿ ಮುಚ್ಚದಷ್ಟು ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಅಂಗಿಯ ತೋಳು ಮಡಿಸಿದ ಕೈಯ ಮೇಲೆ ರೋಮವೆಲ್ಲ ನೆಟ್ಟಗೆ. ಶುರುವಿನಲ್ಲಿ ಇದನ್ನು ಅವನು ಮಲೆನಾಡಿನ ನೆಗಡಿ ಅಂದುಕೊಂಡಿದ್ದನಂತೆ. ಮಾತ್ರೆ ನುಂಗಿದ ತಕ್ಷಣ ನೆಗಡಿ ಮಾಯವಾಗುವುದನ್ನು ನೋಡಿದ ಮೇಲೆ ಅರ್ಥವಾಯಿತು ಎಂದ. ಈಗ ಅವನು ನುಂಗುವುದು ನೋವಿಗಲ್ಲ, ಮಜಕ್ಕೂ ಅಲ್ಲ. ಎದ್ದು ಗೇರು ಹಾಕುವಷ್ಟು ಮೈ ನೆಟ್ಟಗಿರಲಿ ಎಂದು. ವೈದ್ಯರು ಟ್ರಮಡಾಲ್ ಅನ್ನು ಸಾಮಾನ್ಯವಾಗಿ ದಿನಕ್ಕೆ 400 ಮಿಲಿಗ್ರಾಂ ಮೀರಲು ಬಿಡುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಫಿಟ್ಸ್ ಬರುವ ಸಂಭವ ಏರುತ್ತದೆ. ಇವನು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿದ್ದ. ಘಾಟಿ ರಸ್ತೆ, ಜೀಪಿನ ತುಂಬ ಆಳು, ಚಾಲಕನಿಗೆ ಫಿಟ್ಸ್ ಎಂದರೇನು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮಿದುಳೇ ನೋವು ತಗ್ಗಿಸುವ ಎಂಡಾರ್ಫಿನ್‌ಗಳನ್ನು ತಯಾರಿಸುತ್ತದೆ. ನರಕೋಶಗಳ ಮೇಲೆ ಅವು ಹೋಗಿ ಕೂರುವ ಜಾಗಗಳಿಗೆ ಗ್ರಾಹಿ ಎನ್ನುತ್ತಾರೆ. ಓಪಿಯಾಯ್ಡ್ ಕೂರುವುದೂ ಅಲ್ಲಿಯೇ. ತಿಂಗಳುಗಟ್ಟಲೆ ಹೊರಗಿನಿಂದ ಬಂದರೆ ನರಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಮೊದಲಿನ ಪ್ರಮಾಣ ಸಾಲುವುದಿಲ್ಲ, ತಪ್ಪಿದರೆ ಮೈ ತಿರುಗಿಬೀಳುತ್ತದೆ. ಹೆರಾಯಿನ್ ಆದರೆ ಕೊನೆಯ ಸಲ ತೆಗೆದುಕೊಂಡ ಎಂಟು ಹನ್ನೆರಡು ಗಂಟೆಗೆ ಶುರು, ಎರಡು ಮೂರನೆಯ ದಿನ ಅದರ ಉಚ್ಛ್ರಾಯ: ಮೂಳೆ ಮುರಿಯುವ ಮೈಕೈ ನೋವು, ಭೇದಿ, ವಾಂತಿ, ನಿದ್ದೆಯಿಲ್ಲದೆ ಕಾಲು ಒದರಾಟ. ಒಂದು ವಾರ ಹತ್ತು ದಿನದಲ್ಲಿ ಇದು ಇಳಿಯುತ್ತದೆ. ಮನೆಯವರು ಚಿಕಿತ್ಸೆ ಮುಗಿಯಿತು ಎಂದುಕೊಳ್ಳುವುದು ಇಲ್ಲಿಯೇ.

ನಮ್ಮ ಕಡೆ ಚಟ ಬಿಡಿಸುವುದೆಂದರೆ ಎಲ್ಲರ ಕಣ್ಣ ಮುಂದೆ ಬರುವುದು ಮದ್ಯವರ್ಜನ ಶಿಬಿರ. ಕಲ್ಯಾಣ ಮಂಟಪದಲ್ಲಿ ಒಂದು ವಾರ, ಭಜನೆ, ಯೋಗ, ಕೊನೆಯ ದಿನ ಪ್ರತಿಜ್ಞೆ. ಅದರಿಂದ ಕುಡಿತ ಬಿಟ್ಟು ಸಂಸಾರ ನೆಟ್ಟಗೆ ಮಾಡಿಕೊಂಡವರನ್ನು ನಾನೇ ಬಲ್ಲೆ. ಆದರೆ ಆ ಲೆಕ್ಕವನ್ನು ಓಪಿಯಾಯ್ಡ್‌ಗೆ ಹಚ್ಚಿದರೆ ಪ್ರಾಣಕ್ಕೆ ಬರುತ್ತದೆ. ಮೂರು ವಾರ ಕೂಡಿಹಾಕಿ ಹೊರಗೆ ಬಿಟ್ಟಾಗ ಮೈಯ ತಾಳಿಕೆ ಇಳಿದಿರುತ್ತದೆ, ಆಸೆ ಇಳಿದಿರುವುದಿಲ್ಲ. ಹಳೆಯ ಗೆಳೆಯ ಸಿಕ್ಕ, ಹಳೆಯ ಪ್ರಮಾಣವನ್ನೇ ತೆಗೆದುಕೊಂಡ ಎಂದರೆ ಉಸಿರಾಟ ನಿಧಾನವಾಗುತ್ತಾ ಹೋಗಿ ನಿಂತುಬಿಡಬಹುದು. ಸೂಜಿಮೊನೆಯಷ್ಟಾದ ಕಣ್ಣಪಾಪೆ, ನೀಲಿಗಟ್ಟಿದ ತುಟಿ, ಕರೆದರೆ ಓಗೊಡದಿರುವುದು ಅದರ ಗುರುತು. ಆಗ 108ಕ್ಕೆ ಕರೆ ಮಾಡಿ, ಉಸಿರು ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಏನು ತೆಗೆದುಕೊಂಡಿದ್ದ ಎಂಬುದನ್ನು ಮುಚ್ಚಿಡದೆ ಹೇಳಿ. ನಲಾಕ್ಸೋನ್ ಎಂಬ ಚುಚ್ಚುಮದ್ದು ನಿಮಿಷಗಳಲ್ಲಿ ಉಸಿರನ್ನು ಹಿಂದಕ್ಕೆ ತರುತ್ತದೆ, ಆದರೆ ಕೊಡಬೇಕಾದ ವೈದ್ಯರಿಗೆ ಸಂಗತಿ ಗೊತ್ತಿರಬೇಕು. ಮರ್ಯಾದೆಗೆ ಅಂಜಿ “ಊಟದಲ್ಲಿ ಏನೋ ಆಗಿದೆ” ಎನ್ನುವವರೇ ಹೆಚ್ಚು.

ಈಗ ನಾಲಿಗೆ ಕೆಳಗಿನ ಮಾತ್ರೆಗೆ ಬರೋಣ. ಅದರ ಹೆಸರು ಬುಪ್ರಿನಾರ್ಫಿನ್. ಅದೂ ಓಪಿಯಾಯ್ಡೇ, ಮುಚ್ಚುಮರೆ ಏನಿಲ್ಲ. ಆದರೆ ಗ್ರಾಹಿಯನ್ನು ಅರೆಬರೆಯಾಗಿ ಮಾತ್ರ ಕೆಲಸಕ್ಕೆ ಹಚ್ಚುತ್ತದೆ. ಒಂದು ಮಟ್ಟದ ಮೇಲೆ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಏರುವುದಿಲ್ಲ, ಹಾಗಾಗಿ ಉಸಿರು ಕಟ್ಟುವ ಅಪಾಯ ಕಡಿಮೆ (ಜೊತೆಗೆ ಮದ್ಯ ಅಥವಾ ನಿದ್ದೆ ಮಾತ್ರೆ ಸೇರಿದರೆ ಈ ಮಾತು ನಿಲ್ಲುವುದಿಲ್ಲ). ಎರಡನೆಯದಾಗಿ, ಅದರ ಹಿಡಿತ ಬಿಗಿ. ಬಸ್ಸಿನ ಸೀಟಿಗೆ ಕಿಟಕಿಯಿಂದಲೇ ಟವೆಲ್ ಹಾಕಿದ ಹಾಗೆ ಜಾಗ ಹಿಡಿದುಬಿಡುತ್ತದೆ. ಆಮೇಲೆ ಹೆರಾಯಿನ್ ಬಂದರೂ ಕೂರಲು ಜಾಗವಿಲ್ಲ. ಇದೇ ಕಾರಣಕ್ಕೆ ಮೈಯಲ್ಲಿ ಹಳೆಯದು ಇನ್ನೂ ಇರುವಾಗ ಕೊಟ್ಟರೆ ಅದನ್ನು ಎಬ್ಬಿಸಿ ತಾನು ಕುಳಿತು, ಒಮ್ಮೆಲೇ ನರಳಾಟ ತರುತ್ತದೆ. ಆಕಳಿಕೆ, ರೋಮಾಂಚನ ಶುರುವಾದ ಮೇಲೆಯೇ ಮೊದಲ ಮಾತ್ರೆ ಕೊಡುವುದು ಅದಕ್ಕೆ. ಡಾಕ್ಟರು ಕಾಯಿಸಿದರು ಎಂದು ಸಿಟ್ಟಾಗಬೇಡಿ. ನುಂಗಿದರೆ ಲಿವರ್ ಅದರ ಹೆಚ್ಚಿನ ಪಾಲನ್ನು ಹಾಳು ಮಾಡುತ್ತದೆ, ಆದ್ದರಿಂದ ನಾಲಿಗೆಯ ಕೆಳಗೆ ಪೂರ್ತಿ ಕರಗುವ ತನಕ ಮಾತು, ನೀರು, ಕಾಫಿ ಎಲ್ಲ ಬಂದ್.

ದಿನಕ್ಕೊಮ್ಮೆ ಅದನ್ನು ತೆಗೆದುಕೊಳ್ಳುವವನಿಗೆ ಅಮಲೂ ಇಲ್ಲ, ನರಳಾಟವೂ ಇಲ್ಲ. ಜೀಪು ಓಡಿಸುತ್ತಾನೆ, ಸಂಬಳ ಮನೆಗೆ ತರುತ್ತಾನೆ. ಅವನ ಮೈ ಆ ಔಷಧಿಯನ್ನು ನೆಚ್ಚಿಕೊಂಡಿದೆ, ನಿಜ. ಕ್ಯಾನ್ಸರಿನ ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವ ಅಜ್ಜಿಯ ಮೈಯೂ ನೆಚ್ಚಿಕೊಳ್ಳುತ್ತದೆ, ಅಜ್ಜಿಗೆ ಚಟ ಎನ್ನುತ್ತೇವೆಯೇ? ಚೀಟಿ ತಿದ್ದುವುದು, ಸುಳ್ಳು ಹೇಳುವುದು, ಹೆಂಡತಿಯ ಓಲೆ ಮಾರುವುದು, ಹಾಳಾಗುತ್ತಿದ್ದೇನೆ ಎಂದು ಗೊತ್ತಿದ್ದೂ ನಿಲ್ಲಿಸಲಾಗದಿರುವುದು ಚಟ. ಚಿಕಿತ್ಸೆ ಕೀಳುವುದು ಅದನ್ನು. ಈ ಬಗೆಯ ಚಿಕಿತ್ಸೆಯಲ್ಲಿ ಉಳಿದವರ ಸಾವಿನ ಪ್ರಮಾಣ ಹೊರಗುಳಿದವರ ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಬುಪ್ರಿನಾರ್ಫಿನ್ ಮತ್ತು ಇದೇ ಚಿಕಿತ್ಸೆಗೆ ಬಳಸುವ ಇನ್ನೊಂದು ಓಪಿಯಾಯ್ಡ್ ಮೆಥಡೋನ್ ಎರಡನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಇನ್ನೊಂದು ದಾರಿ ನಾಲ್ಟ್ರೆಕ್ಸೋನ್. ಇದು ಗ್ರಾಹಿಯನ್ನು ಕೆಲಸಕ್ಕೇ ಹಚ್ಚದೆ ಬರಿದೇ ಮುಚ್ಚಿಡುತ್ತದೆ. ಪೂರ್ತಿ ಬಿಟ್ಟು ಏಳರಿಂದ ಹತ್ತು ದಿನವಾದವರಿಗೆ, ದಿನವೂ ಮಾತ್ರೆ ಕೊಟ್ಟು ನೋಡಿಕೊಳ್ಳುವ ತಾಯಿಯೋ ಹೆಂಡತಿಯೋ ಇರುವವರಿಗೆ ಹೊಂದುತ್ತದೆ. ತೊಂದರೆಯೆಂದರೆ ಬಹಳ ಜನ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಈ ಔಷಧಿಯ ಹೆಸರು ಎಲ್ಲೋ ಕೇಳಿ ಬಂದವರು ನನ್ನನ್ನು ಕೇಳುವುದುಂಟು: “ಅವನಿಗೆ ಗೊತ್ತಾಗದ ಹಾಗೆ ಕಾಫಿಯಲ್ಲಿ ಹಾಕಿ ಕೊಡಬಹುದಾ?” ದಯವಿಟ್ಟು ಬೇಡ. ಓಪಿಯಾಯ್ಡ್ ಮೈಯಲ್ಲಿರುವವನಿಗೆ ಇದು ಹೊಟ್ಟೆಗೆ ಹೋದರೆ ನಿಮಿಷಗಳಲ್ಲಿ ವಾಂತಿ, ಭೇದಿ, ಭಯಂಕರ ಸಂಕಟ ಶುರುವಾಗಿ ಒಂದೆರಡು ದಿನ ಬಿಡುವುದಿಲ್ಲ, ಆಸ್ಪತ್ರೆಯೇ ಗತಿ. ಬದುಕಿದರೂ ಆ ಮನೆಯ ಕಾಫಿಯನ್ನು ಅವನು ಮತ್ತೆ ನಂಬುವುದಿಲ್ಲ.

“ಎಷ್ಟು ದಿನ ತೆಗೆದುಕೊಳ್ಳಬೇಕು?” ಎಂಬುದು ಮುಂದಿನ ಪ್ರಶ್ನೆ. ತಿಂಗಳುಗಳು, ಹಲವರಿಗೆ ವರ್ಷಗಳು. ಕಡಿಮೆ ಕಾಲ, ಕಡಿಮೆ ಪ್ರಮಾಣದಲ್ಲಿ ಮಾತ್ರೆ ನುಂಗಿದವರಿಗೆ ಅದನ್ನೇ ಮೆಲ್ಲಮೆಲ್ಲನೆ ಇಳಿಸಿ ಬಿಡಿಸುವುದೂ ಉಂಟು, ತೀರ್ಮಾನ ಮನೋವೈದ್ಯರದ್ದು. ಗರ್ಭಿಣಿಯಾದರೆ ಒಮ್ಮೆಲೇ ನಿಲ್ಲಿಸುವುದು ಮಗುವಿಗೆ ಅಪಾಯ, ಮೊದಲು ಡಾಕ್ಟರ ಬಳಿ ಹೋಗಬೇಕು. ಸೂಜಿ ಚುಚ್ಚಿಕೊಂಡವರು ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮಾಡಿಸಲೇಬೇಕು. ಹೆಪಟೈಟಿಸ್ ಸಿ ಈಗ ಮಾತ್ರೆಯಿಂದಲೇ ವಾಸಿಯಾಗುತ್ತದೆ, ಸರ್ಕಾರಿ ಕಾರ್ಯಕ್ರಮದಲ್ಲಿ ಉಚಿತ. ಆಪ್ತ ಸಮಾಲೋಚನೆ ಬೇಕು, ಮಾಡಲು ಕೆಲಸವೂ ಬೇಕು. ಔಷಧಿಯೊಂದರಿಂದಲೇ ಎಲ್ಲ ಸರಿಹೋಗುತ್ತದೆ ಎಂದು ಔಷಧಿ ಮಾರುವ ನಾನೂ ಹೇಳುವುದಿಲ್ಲ.

ಎಲ್ಲಿಗೆ ಹೋಗುವುದು? ಹಾಸನದಲ್ಲಿ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಹೆಚ್ಚಿನದು ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಮುಖ ತೋರಿಸಲು ನಾಚಿಕೆಯಾದರೆ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ, ಅಥವಾ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು. ಬೋರ್ಡು ಹಾಕಿಕೊಂಡ ಖಾಸಗಿ ಕೇಂದ್ರಕ್ಕೆ ಸೇರಿಸುವ ಮೊದಲು ಅಲ್ಲಿ ಮನೋವೈದ್ಯರು ಯಾವಾಗ ಬರುತ್ತಾರೆ, ನೋಂದಣಿ ಇದೆಯೇ ಎಂದು ಕೇಳಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ. “ಒಳ್ಳೆಯದಕ್ಕೇ ಕಟ್ಟಿದ್ದು” ಎನ್ನುವವರ ಬಳಿ ಮಗನನ್ನು ಬಿಡಬೇಡಿ. ಪೊಲೀಸರ ಭಯ ಹಲವರಿಗಿದೆ. ಆಸ್ಪತ್ರೆ ರೋಗಿಯ ವಿವರವನ್ನು ಗುಟ್ಟಾಗಿಡಬೇಕು ಎಂದು ಅದೇ ಕಾಯ್ದೆ ಹೇಳುತ್ತದೆ. ಮಾದಕ ವಸ್ತು ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಕೊಂಡ ವ್ಯಸನಿಯು ತಾನಾಗಿಯೇ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯನ್ನು ಹಿಂಪಡೆಯಬಹುದು.