ಮಾರುತದ ಸೊಂಟ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೆ ನಿಂತಿರುವ ಎಚ್‌ಎಫ್-24 ಮಾರುತ ಯುದ್ಧವಿಮಾನವನ್ನು ಎಷ್ಟೋ ಸಲ ನೋಡಿದ್ದೆನಾದರೂ, ಅದರ ಒಡಲು ರೆಕ್ಕೆಯ ಬಳಿ ಸೊಂಟದಂತೆ ಒಳಸರಿದಿರುವುದು ಕಣ್ಣಿಗೆ ಬಿದ್ದದ್ದು ಅದನ್ನು ಕಾಗದದಲ್ಲಿ ಕಟ್ಟಲು ಕುಳಿತ ಮೇಲೆಯೇ.

ಶಬ್ದದ ವೇಗವನ್ನು ಸಮೀಪಿಸುವ ವಿಮಾನದ, ರೆಕ್ಕೆಯೂ ಸೇರಿದ ಅಡ್ಡಕೊಯ್ತದ ವಿಸ್ತೀರ್ಣವು ಮೂಗಿನಿಂದ ಬಾಲದವರೆಗೆ ಎಲ್ಲಿಯೂ ಹಠಾತ್ತನೆ ಏರಿಳಿಯಬಾರದು. ಏರಿಳಿದರೆ ಗಾಳಿಯ ಪ್ರತಿರೋಧ ವಿಪರೀತವಾಗುತ್ತದೆ. ಆದ್ದರಿಂದ ರೆಕ್ಕೆ ಸೇರುವಲ್ಲಿ ಒಡಲನ್ನು ಸಣ್ಣದಾಗಿಸುತ್ತಾರೆ. ಗಾಳಿಗೆ ಹಿತವಾದ ಈ ಆಕಾರ ಕಾಗದಕ್ಕೆ ಹಿತವಲ್ಲ. ಕಾಗದ ಒಂದೇ ದಿಕ್ಕಿಗೆ ಬಾಗುತ್ತದೆ. ಕೊಳವೆಯಾಗುತ್ತದೆ, ಪೊಟ್ಟಣವಾಗುತ್ತದೆ, ಆದರೆ ಮಡಕೆಯ ಹೊಟ್ಟೆಯಂತೆ ಎರಡು ದಿಕ್ಕಿಗೆ ಬಾಗೆಂದರೆ ಸುಕ್ಕುಗಟ್ಟುತ್ತದೆ. ಕಾಗದದ ಮಾದರಿಗಳಿಗೆ ರೂಢಿಯಾದ 1:33ರ ಪ್ರಮಾಣದಲ್ಲಿ, 15.87 ಮೀಟರ್ ಉದ್ದದ ಮಾರುತ 48 ಸೆಂಟಿಮೀಟರ್ ಆಗುತ್ತದೆ. ಆ ಉದ್ದವನ್ನು ನಾನು 14 ಬಳೆಗಳಾಗಿ ವಿಂಗಡಿಸಿ, ಎರಡೆರಡು ಬಳೆಗಳ ನಡುವೆ ರಟ್ಟಿನ ಬಿಲ್ಲೆಯೊಂದನ್ನು ಇಟ್ಟು ಅಂಟಿಸುತ್ತ ಹೋದೆ.

ಮೊದಲ ಒಡಲು ಕೆಟ್ಟಿತು. ಬಿಲ್ಲೆಗಳನ್ನು ನಕ್ಷೆಯ ಹೊರ ಅಳತೆಗೇ ಕತ್ತರಿಸಿದ್ದೆ. ಮೇಲೆ ಸುತ್ತುವ ಕಾಗದಕ್ಕೂ ದಪ್ಪವಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 0.2 ಮಿಲಿಮೀಟರ್ ದಪ್ಪದ ಕಾಗದಕ್ಕೆ ಸುತ್ತಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತಲೂ ಹೆಚ್ಚು ಕೊರತೆ ಬೀಳುತ್ತದೆ, ಅಂದರೆ ಪ್ರತಿ ಬಳೆಯ ಹೊಟ್ಟೆಯಲ್ಲಿಯೂ ಒಂದು ಬಿರುಕು. ಎರಡನೆಯ ಸಲ ಬಿಲ್ಲೆಗಳ ಅಂಚನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಬಳೆ ತಾನಾಗಿ ಜಾರಿ ಕೂರುವವರೆಗೆ ಅಂಟಿನ ಡಬ್ಬಿ ತೆರೆಯಲಿಲ್ಲ. ಬಾಲದಲ್ಲಿ ಎರಡು ಆರ್ಫಿಯಸ್ ಎಂಜಿನ್‌ಗಳು ಪಕ್ಕಪಕ್ಕದಲ್ಲಿರುವುದರಿಂದ ಅಲ್ಲಿ ಬಿಲ್ಲೆ ದುಂಡಗಿರದೆ ಅಗಲವಾಗುತ್ತದೆ. ಆ ಮೂರು ಬಳೆಗಳಿಗೇ ಎರಡು ಭಾನುವಾರಗಳು ಹಿಡಿದವು. ರೆಕ್ಕೆಗಳು ಒಂದೇ ಸಂಜೆಗೆ ಮುಗಿದವು.

ಮಾರುತವನ್ನು ರೂಪಿಸಿದ ಜರ್ಮನ್ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರ ತಂಡವೂ ನೇರವಾಗಿ ಲೋಹಕ್ಕೆ ಕೈಹಾಕಿರಲಿಲ್ಲ. ಅದೇ ಆಕಾರದ, ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಕಟ್ಟಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಎಂಜಿನ್ ಹೊತ್ತ ಮಾರುತ 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ಅವರ ಕೈಯಲ್ಲಿ ಮೊದಲು ಹಾರಿತು. 1970ರ ಜನವರಿಯಲ್ಲಿ ಮಾರುತದ ಪರೀಕ್ಷಾ ಹಾರಾಟವೊಂದರಲ್ಲಿಯೇ ಅವರು ತೀರಿಕೊಂಡರು. ಎಚ್‌ಎಎಲ್ ಬಳಿಯ ಸುರಂಜನ್ ದಾಸ್ ರಸ್ತೆಯ ಹೆಸರು ಅವರದೇ. ಆ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ ನನಗೆ ಅದು ತಿಳಿದದ್ದು ಈ ಮಾದರಿಯ ದೆಸೆಯಿಂದ.

ಮೂಗಿನ ತುದಿಯ ಒಂದು ಸೆಂಟಿಮೀಟರ್ ಮಾತ್ರ ಕಾಗದಕ್ಕೆ ಕೊನೆಗೂ ಒಗ್ಗಲಿಲ್ಲ. ಮುರಿದ ಚನ್ನಪಟ್ಟಣದ ಬುಗುರಿಯ ತುಂಡನ್ನು ಅರದಿಂದ ತೀಡಿ ಅಲ್ಲಿ ಕೂರಿಸಿದ್ದೇನೆ. ಪೂರ್ತಿ ಕಾಗದದ್ದೇ ಆಗಬೇಕೆನ್ನುವ ಮಡಿವಂತರು ಇದನ್ನು ಒಪ್ಪಲಾರರು; ಮರದ ಗ್ಲೈಡರ್ ಕಟ್ಟಿದವರು ಒಪ್ಪಿಯಾರು.