ದಕ್ಷಿಣ ಲೊನಾಕ್‌ನ ಮೂರು ಚಿತ್ರಗಳು

2023ರ ಅಕ್ಟೋಬರ್ 4ರಂದು ಬೆಳಗ್ಗೆ ಏಜೆನ್ಸಿಗಳಿಂದ ಬಂದ ಮೊದಲ ಸುದ್ದಿಗಳಲ್ಲಿ, ಉತ್ತರ ಸಿಕ್ಕಿಂನ ಲೊನಾಕ್ ಸರೋವರದ ಮೇಲೆ ಮೇಘಸ್ಫೋಟ ಸಂಭವಿಸಿದೆ, ತೀಸ್ತಾ ನದಿ ಉಕ್ಕಿ ಹರಿದಿದೆ, 23 ಯೋಧರು ಕಾಣೆಯಾಗಿದ್ದಾರೆ ಎಂದಿತ್ತು. ನದಿ ಉಕ್ಕಿದ್ದನ್ನು ಕೆಳಗಿನ ಊರುಗಳ ಜನ ಕಣ್ಣಾರೆ ಕಂಡಿದ್ದರು. ಚುಂಗ್‌ಥಾಂಗ್‌ನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆಯ ಅಣೆಕಟ್ಟೆ ಕೊಚ್ಚಿಹೋಗಿರುವುದೂ ಖಚಿತವಾಗಿತ್ತು. ಆದರೆ ಸಮುದ್ರಮಟ್ಟದಿಂದ ಸುಮಾರು 5,200 ಮೀಟರ್ ಎತ್ತರದಲ್ಲಿರುವ ದಕ್ಷಿಣ ಲೊನಾಕ್ ಸರೋವರದಲ್ಲಿ ಆ ರಾತ್ರಿ ಏನಾಯಿತು ಎಂಬುದನ್ನು ಹತ್ತಿರದಿಂದ ಕಂಡು ಹೇಳಬಲ್ಲವರು ನಮಗೆ ಸಿಗುವಂತಿರಲಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಕೆಲಸ ನನ್ನ ಪಾಲಿಗಿದ್ದುದರಿಂದ, ‘ಮೇಘಸ್ಫೋಟ’ ಎಂಬುದಕ್ಕೆ ಆಧಾರವೇನಾದರೂ ಇದೆಯೇ ನೋಡಿ ಎಂದು ಸುದ್ದಿ ಸಂಪಾದಕರು ಹೇಳಿದರು.

ಮೊದಲು ತೆರೆದದ್ದು ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳನ್ನು. ಹತ್ತು ಮೀಟರಿಗೆ ಒಂದು ಚುಕ್ಕೆಯಂತೆ ನೆಲವನ್ನು ತೋರಿಸುವ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಈ ಚಿತ್ರಗಳು ಮಳೆಗಾಲದ ಅನಾಹುತಗಳಲ್ಲಿ ಬಹುತೇಕ ನಿರುಪಯೋಗಿ, ಏಕೆಂದರೆ ಅವು ಸೂರ್ಯನ ಬೆಳಕನ್ನೇ ನಂಬಿಕೊಂಡಿವೆ. ನೆರೆ ತರುವ ಮೋಡವೇ ನೆರೆಯನ್ನು ಮರೆಮಾಡುತ್ತದೆ. ಅಂದೂ ಪರದೆಯ ತುಂಬ ಬಿಳುಪು; ಅಲ್ಲೊಂದು ಇಲ್ಲೊಂದು ಶಿಖರದ ನೆರಳು ಬಿಟ್ಟರೆ ಬೇರೇನೂ ಇಲ್ಲ. ಇಂಥ ಹೊತ್ತಿನಲ್ಲಿ ಉಳಿಯುವುದು ರೇಡಾರ್ ಮಾತ್ರ.

ರೇಡಾರ್ ಉಪಗ್ರಹ ಐದಾರು ಸೆಂಟಿಮೀಟರ್ ತರಂಗಾಂತರದ ಅಲೆಗಳನ್ನು ತಾನೇ ಓರೆಯಾಗಿ ನೆಲಕ್ಕೆ ಬಿಟ್ಟು, ಮರಳಿ ಬಂದಷ್ಟನ್ನು ಅಳೆಯುತ್ತದೆ. ಅದಕ್ಕೆ ಮೋಡವೂ ಅಡ್ಡಿಯಲ್ಲ, ಇರುಳೂ ಅಡ್ಡಿಯಲ್ಲ. ನಿಶ್ಚಲವಾದ ನೀರಿನ ಮೇಲೆ ಬಿದ್ದ ಅಲೆ, ಕನ್ನಡಿಯ ಮೇಲೆ ಓರೆಯಾಗಿ ಬಿಟ್ಟ ಟಾರ್ಚ್ ಬೆಳಕಿನಂತೆ ಆಚೆ ಕಡೆಗೆ ಹೋಗಿಬಿಡುತ್ತದೆ. ಆದ್ದರಿಂದ ಚಿತ್ರದಲ್ಲಿ ನೀರು ಕಪ್ಪಾಗಿಯೂ ಕಲ್ಲುಮಣ್ಣಿನ ಒರಟು ನೆಲ ಬೆಳ್ಳಗೆಯೂ ಕಾಣುತ್ತದೆ. ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಗಾಳಿಗೆ ಕದಡಿದ ನೀರೂ ಬೆಳ್ಳಗಾಗುತ್ತದೆ, ವಿಮಾನ ನಿಲ್ದಾಣದ ರನ್‌ವೇ ನೀರಿನಂತೆ ಕಪ್ಪಾಗುತ್ತದೆ, ಬೆಟ್ಟದ ಮರೆಗೆ ಬಿದ್ದು ಅಲೆಯೇ ತಲುಪದ ಕಣಿವೆಯಂತೂ ಸರೋವರದಷ್ಟೇ ಕಪ್ಪು. ಹಿಮಾಲಯದ ರೇಡಾರ್ ಚಿತ್ರವೊಂದನ್ನು ಮೊದಲ ಬಾರಿ ನೋಡುವವರಿಗೆ ಅಲ್ಲಿ ಇಲ್ಲದ ಹತ್ತಾರು ಸರೋವರಗಳು ಕಾಣಿಸಿದರೆ ಆಶ್ಚರ್ಯವಿಲ್ಲ. ಹಾಗಾಗಿ ಒಂದೇ ಚಿತ್ರವನ್ನು ನಂಬುವಂತಿಲ್ಲ. ಅದೇ ದಿಕ್ಕಿನಿಂದ, ಅದೇ ಕೋನದಲ್ಲಿ ತೆಗೆದ ಹಿಂದಿನ ಚಿತ್ರವನ್ನು ಪಕ್ಕಕ್ಕಿಟ್ಟು, ನೆರಳು ಯಾವುದು ನೀರು ಯಾವುದು ಎಂದು ಬೇರ್ಪಡಿಸಬೇಕು.

ಅಷ್ಟರಲ್ಲಿ ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಮೂರು ರೇಡಾರ್ ಚಿತ್ರಗಳನ್ನು ಬಿಡುಗಡೆ ಮಾಡಿತು. ಸೆಪ್ಟೆಂಬರ್ 17ರಂದು ಸರೋವರದ ವಿಸ್ತೀರ್ಣ 162.7 ಹೆಕ್ಟೇರ್, 28ರಂದು 167.4 ಹೆಕ್ಟೇರ್, ಅಕ್ಟೋಬರ್ 4ರಂದು 60.3 ಹೆಕ್ಟೇರ್. ಮೊದಲೆರಡು ನಮ್ಮದೇ ರಿಸ್ಯಾಟ್-1ಎ ತೆಗೆದವು, ಕೊನೆಯದು ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ಎ ತೆಗೆದದ್ದು. ಈ ಕೊನೆಯ ಚಿತ್ರ ಸಿಕ್ಕಿದ್ದು ಅದೃಷ್ಟ ಎಂದೇ ನಾನು ಇಂದಿಗೂ ಭಾವಿಸುತ್ತೇನೆ. ಜೋಡಿ ಉಪಗ್ರಹವಾಗಿದ್ದ ಸೆಂಟಿನೆಲ್-1ಬಿ 2021ರ ಡಿಸೆಂಬರ್‌ನಲ್ಲಿ ಕೆಟ್ಟುಹೋದ ಮೇಲೆ ಉಳಿದ ಒಂದೇ ಉಪಗ್ರಹವು ಅದೇ ಪಥಕ್ಕೆ ಮರಳಲು 12 ದಿನ ತೆಗೆದುಕೊಳ್ಳುತ್ತಿತ್ತು. ದುರಂತದ ಮರುದಿನವೇ ಅದು ಅಲ್ಲಿ ಹಾದುಹೋದದ್ದು ಯಾರ ಯೋಜನೆಯೂ ಆಗಿರಲಿಲ್ಲ.

ಮೂರು ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದಾಗ ವಿವರಣೆಯೇ ಬೇಕಿರಲಿಲ್ಲ. ಉದ್ದನೆಯ ಕಪ್ಪು ಪಟ್ಟಿಯೊಂದು ಮೂರನೆಯ ಚಿತ್ರದಲ್ಲಿ ಅರ್ಧಕ್ಕಿಂತ ಚಿಕ್ಕದಾಗಿ, ನೀರಿದ್ದ ಜಾಗದಲ್ಲಿ ಬೂದು ಬಣ್ಣದ ಒರಟು ತಳ ಎದ್ದು ಕಾಣುತ್ತಿತ್ತು. ಆದರೆ ಅಡಿಬರಹ ಬರೆಯಲು ಕುಳಿತಾಗ ತಕರಾರುಗಳು ಒಂದೊಂದಾಗಿ ಬಂದವು. 167.4ರಿಂದ 60.3 ಕಳೆದರೆ 107.1 ಆಗುತ್ತದೆ, ದೂರಸಂವೇದಿ ಕೇಂದ್ರದ ಹೇಳಿಕೆಯಲ್ಲಿ ಮಾತ್ರ ಬರಿದಾದದ್ದು ಸುಮಾರು 105 ಹೆಕ್ಟೇರ್ ಎಂದಿದೆ. ಅಳೆದವರೇ ‘ಸುಮಾರು’ ಎಂದಿರುವಾಗ ನಾವು ದಶಮಾಂಶದ ನಿಖರತೆ ತೋರಿಸುವುದು ಸಲ್ಲದು ಎಂದು 105ನ್ನೇ ಉಳಿಸಿಕೊಂಡೆವು. ‘ಸರೋವರದ ಮೂರರಲ್ಲಿ ಎರಡು ಪಾಲು ನೀರು ಖಾಲಿ’ ಎಂಬ ಶೀರ್ಷಿಕೆಯನ್ನು ಪುಟ ವಿನ್ಯಾಸಕರು ಆಗಲೇ ಕೂರಿಸಿದ್ದರು. ಅದನ್ನು ತೆಗೆಸಬೇಕಾಯಿತು, ಚಿತ್ರ ಹೇಳುವುದು ನೀರಿನ ಹರಹನ್ನು, ಆಳ ತಿಳಿಯದೆ ನೀರಿನ ಪ್ರಮಾಣ ಹೇಳಲಾಗುವುದಿಲ್ಲ.

ಇನ್ನೂ ದೊಡ್ಡ ತಕರಾರು ಕಾರಣದ್ದು. ದೂರಸಂವೇದಿ ಕ್ಷೇತ್ರದಲ್ಲಿ ಬಹುಕಾಲ ದುಡಿದ ಹಿರಿಯ ವಿಜ್ಞಾನಿಯೊಬ್ಬರಿಗೆ ಫೋನ್ ಮಾಡಿ, “ಸರ್, ಮೇಘಸ್ಫೋಟ ಅಲ್ಲ ಎಂದು ಬರೆಯಬಹುದಾ?” ಎಂದು ಕೇಳಿದೆ. “ಸರೋವರ ಒಡೆದಿದೆ ಅಂತ ಬರೀರಿ. ಯಾಕೆ ಒಡೀತು ಅಂತ ಆ ಚಿತ್ರದಲ್ಲಿ ಎಲ್ಲಿದೆ, ತೋರಿಸಿ ನೋಡೋಣ” ಎಂದರು. ಅವರ ಮಾತು ಸರಿಯಾಗಿತ್ತು. ಅಷ್ಟೇ ಅಲ್ಲ, ಕೊನೆಯ ಎರಡು ಚಿತ್ರಗಳ ನಡುವೆ ಆರು ದಿನಗಳ ಅಂತರವಿತ್ತು. 3ರ ರಾತ್ರಿಯೇ ನೀರು ಹೊರಬಿದ್ದಿತು ಎನ್ನುವುದಕ್ಕೆ ಆಧಾರ ಉಪಗ್ರಹವಲ್ಲ, ನದಿಯ ಮಟ್ಟ ಏರಿದ್ದನ್ನು ಕಂಡ ಜನ. ಕೊನೆಗೆ ಮುಖಪುಟದ ವರದಿಯಲ್ಲಿ ಸರೋವರ ಒಡೆದದ್ದನ್ನು ಖಚಿತವಾಗಿಯೂ, ಮೇಘಸ್ಫೋಟವನ್ನು ‘ಪ್ರಾಥಮಿಕ ವರದಿಗಳ ಪ್ರಕಾರ’ ಎಂದೂ ಬರೆದೆವು. ಪ್ರತಿ ಚಿತ್ರದ ಕೆಳಗೆ ಉಪಗ್ರಹದ ಹೆಸರು, ದಿನಾಂಕ ಮತ್ತು ‘ಕಪ್ಪು ಭಾಗ ನೀರು’ ಎಂಬ ಸೂಚನೆ ಹೋಯಿತು. ನೀರಿಗೆ ನೀಲಿ ಬಣ್ಣ ತುಂಬಿದರೆ ಓದುಗರಿಗೆ ಸುಲಭ ಎಂಬ ವಿನ್ಯಾಸಕರ ವಾದವನ್ನು ನಾನು ಒಪ್ಪಲಿಲ್ಲ. ಬಣ್ಣ ತುಂಬಿದೊಡನೆ ಅದು ನಾವು ಬರೆದ ಚಿತ್ರವಾಗುತ್ತದೆ.

ಈ ಹಟಕ್ಕೆ ಹಿಂದಿನ ವರ್ಷದ ಹಿನ್ನೆಲೆಯಿತ್ತು. 2022ರಲ್ಲಿ ಪಾಕಿಸ್ತಾನದ ಮೂರನೇ ಒಂದು ಭಾಗ ಮುಳುಗಿದೆ ಎಂಬ ಮಾತು ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ವಿಶ್ವಸಂಸ್ಥೆಯ ಉಪಗ್ರಹ ಕೇಂದ್ರದ ಅಂದಾಜಿನಲ್ಲಿ ನೆರೆಪೀಡಿತ ಪ್ರದೇಶ ಸುಮಾರು 75,000 ಚದರ ಕಿಲೋಮೀಟರ್, ಅಂದರೆ ಆ ದೇಶದ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ. ಅದೇನು ಕಡಿಮೆ ಅನಾಹುತವೇ? ಉತ್ಪ್ರೇಕ್ಷೆಯ ಅಗತ್ಯವೇ ಇರಲಿಲ್ಲ. ಬೇಸಿಗೆಯಲ್ಲಿ ಬತ್ತಿದ ನದಿಯ ಚಿತ್ರವನ್ನು ‘ಮೊದಲು’ ಎಂದೂ ಆಗಸ್ಟ್‌ನ ಚಿತ್ರವನ್ನು ‘ನಂತರ’ ಎಂದೂ ಅಕ್ಕಪಕ್ಕ ಛಾಪಿಸುವುದು ಇದೇ ಜಾತಿಯ ತಪ್ಪು. ಹಾಗೆ ಮಾಡಿದರೆ ಪ್ರತಿವರ್ಷದ ಮಾಮೂಲು ಮಳೆಗಾಲವೂ ಪ್ರಳಯವಾಗಿ ಕಾಣುತ್ತದೆ. ಹಿಂದಿನ ವರ್ಷಗಳ ಅದೇ ತಿಂಗಳ ಚಿತ್ರವೊಂದೇ ನ್ಯಾಯವಾದ ಹೋಲಿಕೆ.

ದಕ್ಷಿಣ ಲೊನಾಕ್‌ನಲ್ಲಿ ನಿಜಕ್ಕೂ ಏನಾಗಿತ್ತು ಎಂಬ ವಿವರವಾದ ಅಧ್ಯಯನ 2025ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸರೋವರದ ಅಂಚಿನ ಹೆಪ್ಪುಗಟ್ಟಿದ ಕಲ್ಲುಮಣ್ಣಿನ ದಂಡೆ, ಸುಮಾರು 1.47 ಕೋಟಿ ಘನಮೀಟರಿನಷ್ಟು, ಒಮ್ಮೆಲೇ ನೀರಿಗೆ ಕುಸಿದಿತ್ತು. ಎದ್ದ ಅಲೆಯ ಎತ್ತರ ಸುಮಾರು 20 ಮೀಟರ್. ಅದು ಸರೋವರದ ಸಹಜ ಕಟ್ಟೆಯನ್ನು ಒಡೆದು ಸುಮಾರು 5 ಕೋಟಿ ಘನಮೀಟರ್ ನೀರನ್ನು ಕೆಳಗಿನ ಕಣಿವೆಗೆ ನುಗ್ಗಿಸಿತ್ತು. ಅಂದು ‘ನೀರಿನ ಪ್ರಮಾಣ’ ಎಂದು ಬರೆಯದೆ ಬಿಟ್ಟ ಜಾಗಕ್ಕೆ ಅಂಕಿ ಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಅಂಶ: ಆ ಇಳಿಜಾರು ಕುಸಿಯುವುದಕ್ಕೆ ವರ್ಷಗಳ ಮೊದಲಿನಿಂದಲೇ ಜರುಗುತ್ತಿತ್ತು, ಮತ್ತು ಅದು ಉಪಗ್ರಹ ಚಿತ್ರಗಳಲ್ಲಿ ದಾಖಲಾಗಿತ್ತು. ಸರೋವರ ಬೆಳೆಯುತ್ತಿರುವುದಂತೂ ಗುಟ್ಟಾಗಿರಲಿಲ್ಲ. 1972ರಿಂದ ಭೂಮಿಯನ್ನು ನೋಡುತ್ತಿರುವ ಲ್ಯಾಂಡ್‌ಸ್ಯಾಟ್ ಸರಣಿಯ ಹಳೆಯ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಹಿಮನದಿ ಹಿಂದೆ ಸರಿದಂತೆ ನೀರು ಮುಂದೆ ಹಬ್ಬಿದ್ದನ್ನು ಅವುಗಳಲ್ಲಿ ದಶಕ ದಶಕವಾಗಿ ನೋಡಬಹುದು. 2016ರಲ್ಲಿ ಪೈಪುಗಳನ್ನು ಹಾಕಿ ಈ ಸರೋವರದ ನೀರನ್ನು ಹೊರತೆಗೆಯುವ ಪ್ರಯತ್ನವೂ ನಡೆದಿತ್ತು.

ಆ ಅಧ್ಯಯನವನ್ನು ಓದಿದ ಮೇಲೆ, ಮಳೆಗಾಲ ಮುಗಿದು ಹಿಮಾಲಯದ ಆಕಾಶ ತಿಳಿಯಾದಾಗ ಹಿಗ್ಗುತ್ತಿರುವ ಕೆಲವು ಸರೋವರಗಳ ಚಿತ್ರಗಳನ್ನು ಹಿಂದಿನ ವರ್ಷಗಳ ಅದೇ ತಿಂಗಳ ಚಿತ್ರಗಳೊಂದಿಗೆ ಹೋಲಿಸಿ ವರದಿಯೊಂದನ್ನು ಸಿದ್ಧಪಡಿಸಿದೆ. ಸುದ್ದಿ ಸಂಪಾದಕರು ಅದನ್ನು ಪೂರ್ತಿ ಓದಿ, ಚೆನ್ನಾಗಿದೆ ಎಂದರು. “ಆದರೆ ಈಗ ಅಲ್ಲಿ ಏನಾದರೂ ಆಗಿದೆಯಾ?” ಎಂದು ಕೇಳಿದರು. ಇನ್ನೂ ಏನೂ ಆಗಿಲ್ಲ ಎಂದೆ. ವರದಿ ಒಂದು ವಾರ ಕಾದು, ಚಿತ್ರಗಳ ಗಾತ್ರ ಅರ್ಧಕ್ಕಿಳಿದು, ಒಳಪುಟದಲ್ಲಿ ಪ್ರಕಟವಾಯಿತು.