ಬೆಳಿಗ್ಗೆ ಯೋಗ, ಸಂಜೆ ಹೆಜ್ಜೆ

ಕಾಸರಗೋಡಿನ ಕುಂಬಳೆ ಹತ್ತಿರ ಒಂದು ಮನೆಯಲ್ಲಿ ಬಾಡಿಗೆಗಿದ್ದುಕೊಂಡು ನಾನು ಯೋಗ ಶಿಕ್ಷಕರ ತರಬೇತಿಗೆ ಹೋಗುತ್ತಿದ್ದೆ. ಬೆಳಿಗ್ಗೆ ಆಸನ, ಪ್ರಾಣಾಯಾಮ, ಮಧ್ಯಾಹ್ನ ಒಂದು ಪಾಠ. ಸಂಜೆ ಪೂರ್ತಿ ಖಾಲಿ, ಹೊರಗೆ ಆಟಿ ತಿಂಗಳ ಮಳೆ. ಮನೆಯ ಅಕ್ಕನ ಮಗ ಕೊಡೆ ಹಿಡಿದುಕೊಂಡು ಯಕ್ಷಗಾನದ ನಾಟ್ಯ ತರಗತಿಗೆ ಓಡುತ್ತಿದ್ದ. ನೋಡಿ ಬರೋಣ ಅಂತ ಸುಮ್ನೆ ಅವನ ಹಿಂದೆ ಹೋದೆ. ಮಾಷ್ಟ್ರು ಬಿಡಬೇಕಲ್ಲ! "ಕೂತು ನೋಡಿದರೆ ಬರ್ಲಿಕ್ಕಿಲ್ಲ ಮಾರಾಯ್ರೆ, ಎದ್ದು ನಿಲ್ಲಿ" ಅಂದರು.

ಮಳೆಗಾಲವೇ ಇಲ್ಲಿ ಕಲಿಯುವ ಕಾಲ. ಮೇ ಕೊನೆಯ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಪ್ರದರ್ಶನ ನಿಲ್ಲಿಸುತ್ತವೆ, ದೀಪಾವಳಿ ಕಳೆದ ಮೇಲೆ ಮತ್ತೆ ತಿರುಗಾಟ. ನಡುವಿನ ತಿಂಗಳುಗಳಲ್ಲಿ ಕಲಾವಿದರು ಊರಲ್ಲಿರುತ್ತಾರೆ, ಅಲ್ಲಲ್ಲಿ ವೇಷ-ಕುಣಿತವಿಲ್ಲದೆ ಕೂತೇ ಹಾಡು, ಮಾತು ನಡೆಸುವ ತಾಳಮದ್ದಳೆ ನಡೆಯುತ್ತದೆ, ಮಕ್ಕಳಿಗೆ ಪಾಠ ಸಿಗುತ್ತದೆ. ಅದೂ ಎಲ್ಲಿ? ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರಿನಲ್ಲಿ. ತೆಂಕುತಿಟ್ಟಿನವರು, ಅಂದರೆ ಯಕ್ಷಗಾನದ ಈ ತೆಂಕಣ ಶೈಲಿಯವರು, ಅವನನ್ನು ಯಕ್ಷಗಾನದ ಪಿತಾಮಹ ಅಂತಲೇ ಕರೆಯುತ್ತಾರೆ. ಅಂಥ ಊರಲ್ಲಿ ನನ್ನ ಹೆಜ್ಜೆ ನೋಡಿ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮೊದಲು ಕಾಲಲ್ಲ, ಕೈ. ತೊಡೆ ಮೇಲೆ ತಾಳ ಹಾಕುವುದು. ಏಕ, ರೂಪಕ, ತ್ರಿವುಡೆ, ಝಂಪೆ. ರೂಪಕಕ್ಕೆ 6 ಅಕ್ಷರ, ತ್ರಿವುಡೆಗೆ 7. ಈ ಏಳರಲ್ಲೇ ನನಗೆ ಸಾಕಾಗಿ ಹೋಗುತ್ತಿತ್ತು. ಆಮೇಲೆ ಮಂಡಿ ಹೊರಗೆ ತಿರುಗಿಸಿ, ಅರ್ಧ ಕುಳಿತು, ಬಾಯಲ್ಲಿ 'ತಿತ್ತಿತ್ತೈ' ಹೇಳುತ್ತಾ ಅಂಗಾಲು ಪೂರ್ತಿ ನೆಲಕ್ಕೆ ಬಡಿಯಬೇಕು. ಆಸನ ಮಾಡಿದ ಮೈ, ಬಗ್ಗುವುದಕ್ಕೇನೂ ಕಷ್ಟವಿಲ್ಲ. ಕಷ್ಟ ಇದ್ದದ್ದು ಉಸಿರಿನಲ್ಲಿ. ಬೆಳಿಗ್ಗೆ ಉಸಿರು ಮುಂದೆ, ಮೈ ಅದರ ಹಿಂದೆ. ಉಸಿರು ಮುಗಿಯುವವರೆಗೆ ಕೈ ಕೆಳಗಿಳಿಯುವ ಹಾಗಿಲ್ಲ. ಸಂಜೆ ತಾಳ ಯಾರಿಗೂ ಕಾಯುವುದಿಲ್ಲ! ನಿಮ್ಮ ಉಸಿರು ಎಲ್ಲಿ ಬೇಕಾದರೂ ಜಾಗ ಹುಡುಕಿಕೊಳ್ಳಲಿ, ಚೆಂಡೆಗೆ ಅದರ ಚಿಂತೆ ಇಲ್ಲ.

ಕುಣಿದ ಮೇಲೆ ಮಾತೂ ಆಡಬೇಕಲ್ಲ. ಹಾಡುವ ಭಾಗವತರ ಪದ್ಯ ಮುಗಿದು, ಚೆಂಡೆ-ಮದ್ದಳೆಯ ಮುಕ್ತಾಯದ ಬಿಡ್ತಿಗೆ ಆದ ಕೂಡಲೇ ವೇಷಧಾರಿ ಅರ್ಥ ಹೇಳಬೇಕು, ಅದೂ ಬಾಯಿಪಾಠದ ಮಾತಲ್ಲ, ಅಲ್ಲೇ ಹುಟ್ಟುವ ಮಾತು. ನಾನು ಏದುಸಿರು ಬಿಡುತ್ತಾ "ಎಲವೋ..." ಅನ್ನುವಷ್ಟರಲ್ಲಿ ದನಿಯೇ ಇರಲಿಲ್ಲ. ಮಾಷ್ಟ್ರು ಹೇಳಿದ ಉಪಾಯ ಇದು: "ಕುಣಿಯುವಾಗ ಬಾಯಿ ಬಿಡಬೇಡಿ. ಭಾಗವತರು ರಾಗ ಎಳೀತಾರಲ್ಲ, ಅದು ನಿಮ್ಮ ಉಸಿರಿನ ಸಮಯ." ಇಷ್ಟು ದಿನ ರಾಗ ಕೇಳುವುದಕ್ಕೆ ಚೆಂದ ಅಂತ ಮಾತ್ರ ಅಂದುಕೊಂಡಿದ್ದೆ. ಯೋಗದ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ನಮ್ಮ ಗುರುಗಳು ನಕ್ಕು, "ಹಾಗಾದರೆ ನಾಳೆಯಿಂದ ಸೂರ್ಯನಮಸ್ಕಾರಕ್ಕೂ ಜಾಗಟೆ ತನ್ನಿ" ಅಂದರು. ಅವರಿಗೆ ಆಟದ ಮೇಲೆ (ಯಕ್ಷಗಾನಕ್ಕೆ ಇಲ್ಲಿ ಹಾಗೇ ಹೇಳುವುದು) ಅಷ್ಟಾಗಿ ಒಲವಿಲ್ಲ ಬಿಡಿ.

ಕಣ್ಣಿನದ್ದೂ ಅದೇ ಕಥೆ. ಯೋಗದಲ್ಲಿ ಮುಚ್ಚು, ಒಳಗೆ ನೋಡು. ಇಲ್ಲಿ ಕೊನೆಯ ಸಾಲಿನಲ್ಲಿ ಕಡಲೆ ತಿನ್ನುತ್ತಿರುವವನಿಗೂ ಸಿಟ್ಟು ಕಾಣಬೇಕು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಕ್ಕಳ ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಈ ಮಕ್ಕಳು ಮನೆಯಲ್ಲಿ ಒಬ್ಬರು ತುಳು, ಒಬ್ಬರು ಹವ್ಯಕ ಕನ್ನಡ, ಇನ್ನೊಬ್ಬರು ಮಲಯಾಳ. ಚಪ್ಪಲಿ ಹುಡುಕುತ್ತಾ ಮಲಯಾಳದಲ್ಲಿ ಜಗಳವಾಡಿದ ಹುಡುಗ, ಒಳಗೆ ಬಂದು ಅಭಿಮನ್ಯುವಾಗಿ ನಿಂತರೆ ಅಚ್ಚ ಕನ್ನಡ, ಒಂದೇ ಒಂದು ಇಂಗ್ಲಿಷ್ ಪದ ಬರುವುದಿಲ್ಲ. ಬಂದರೆ ಮಾಷ್ಟ್ರು ನಿಲ್ಲಿಸಿ ಮತ್ತೆ ಹೇಳಿಸುತ್ತಾರೆ. ಬೆಂಗಳೂರಿನಿಂದ ಹೋದ ನಾನು ಒಂದು ವಾಕ್ಯಕ್ಕೆ ಎರಡು ಸಲ ಸಿಕ್ಕಿಬೀಳುತ್ತಿದ್ದೆ.

ಧೀಂಗಿಣ ನನಗೆ ಬರಲಿಲ್ಲ, ಗಿರಗಿರ ತಿರುಗಿ ಹಾರುವುದು ಎಳೆ ಮೈಗೇ ಸರಿ. ತರಬೇತಿ ಮುಗಿಸಿ ಹೊರಡುವಾಗ ಮಾಷ್ಟ್ರು, "ದೀಪಾವಳಿ ಕಳೆದು ಬನ್ನಿ, ವೇಷ ಹಾಕ್ಲಿಕ್ಕಲ್ಲ, ಚೌಕಿಯಲ್ಲಿ ಕೂತು ಬಣ್ಣ ಹಚ್ಚುವುದು ನೋಡ್ಲಿಕ್ಕೆ" ಅಂದರು. ಚೌಕಿ ಅಂದರೆ ವೇಷ ಕಟ್ಟುವ ಕೋಣೆ. ಈಗೀಗ ಕಾಲಮಿತಿ ಅಂತ ಮಧ್ಯರಾತ್ರಿಗೇ ಮುಗಿಯುವ ಆಟಗಳೂ ಜಾಸ್ತಿಯಾಗಿವೆ. ನನಗೆ ಬೇಕಾದದ್ದು ಬೆಳಗಿನವರೆಗಿನದ್ದು. ಮರುದಿನದ ಪ್ರಾಣಾಯಾಮ ಏನಾಗುತ್ತದೆ ಅಂತ ಆಗ ನೋಡಿಕೊಂಡರಾಯಿತು.